ತಾಯಂದಿರ ಬಂಧು ಡಾಕ್ಟರ್ ಸೆಮ್ಮೆಲ್ವೈಸ್

ದೇವಾಲಯದ ಶತಮಾನೋತ್ಸವದ ಸಂಚಿಕೆಯಲ್ಲಿ ಪರದೇಶದ ವೈದ್ಯರೊಬ್ಬರ ಚರಿತ್ರೆ ಏತಕ್ಕೆಂದು ವಾಚಕರು ಕೇಳಬಹುದು. 2024ರ ಫೆಬ್ರವರಿಯಲ್ಲಿ ಪಾವಗಡದ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಸ್ತ್ರೀಯರಲ್ಲಿ ಮೂವರು ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಸ್ಪತ್ರೆಯಲ್ಲಿಯೇ ಸೋಂಕು ತಗುಲಿತೆಂಬ ಶಂಕೆ ಹುಟ್ಟಿ, ತನಿಖೆ ನಡೆದು, ಸಿಬ್ಬಂದಿಯ ಮೇಲೆ ಕ್ರಮವೂ ಆಯಿತು. ಹುಲಿಕುಂಟೆಯ ಸುತ್ತಣ ಸೀಮೆಯ ಬಡ ಹೆಂಗಸರಿಗೆ ಹೆರಿಗೆಗೂ ಶಸ್ತ್ರಚಿಕಿತ್ಸೆಗೂ ಸರ್ಕಾರಿ ಆಸ್ಪತ್ರೆಯೇ ಗತಿ. ಗುಣ ಬೇಡಿ ಹೋದೆಡೆಯಲ್ಲಿಯೇ ನಂಜೇರುವ ಈ ಕೇಡಿನ ಮೂಲವನ್ನು ಲೆಕ್ಕ ಹಿಡಿದು ತೋರಿಸಿ, ಅದಕ್ಕಾಗಿಯೇ ನೊಂದವರ ಕಥೆಯನ್ನು ನಾವಿಲ್ಲಿ ಹೇಳಹೊರಟಿದ್ದೇವೆ.

ಇಗ್ನಾಜ್ ಸೆಮ್ಮೆಲ್ವೈಸ್ 1818ರ ಜುಲೈ 1ರಂದು ಹಂಗೇರಿಯ ಬುಡಾ ನಗರದಲ್ಲಿ ದಿನಸಿ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದರು. ಕಾನೂನು ಓದಲೆಂದು ವಿಯೆನ್ನಾಕ್ಕೆ ಹೋದವರು ಮನಸ್ಸು ಬದಲಿಸಿ ವೈದ್ಯರಾದರು. 1846ರಲ್ಲಿ ಅಲ್ಲಿನ ಸಾರ್ವಜನಿಕ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕರಾಗಿ ನೇಮಕಗೊಂಡರು.

ಆ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ಕಲಿಯುತ್ತಿದ್ದರು. ಮೊದಲನೆಯದರಲ್ಲಿ ನೂರಕ್ಕೆ ಸುಮಾರು 10 ಮಂದಿ ಬಾಣಂತಿ ಜ್ವರದಿಂದ ಸಾಯುತ್ತಿದ್ದರೆ, ಎರಡನೆಯದರಲ್ಲಿ ಸಾಯುತ್ತಿದ್ದವರು 4 ಮಂದಿಗಿಂತ ಕಡಿಮೆ. ಊರಿನ ಹೆಂಗಸರಿಗೂ ಇದು ತಿಳಿದಿತ್ತು. ತಮ್ಮನ್ನು ಮೊದಲನೆಯದಕ್ಕೆ ಸೇರಿಸಬೇಡಿರೆಂದು ಮೊಣಕಾಲೂರಿ ಬೇಡುತ್ತಿದ್ದರು. ಬೀದಿಯಲ್ಲಿ ಹೆತ್ತು ಬಂದವರಿಗೂ ಈ ಜ್ವರ ಅಪರೂಪವಾಗಿತ್ತು. ಓದಿದವರ ಕೈಗಿಂತ ಬೀದಿಯೇ ಮೇಲೆನಿಸಿದ ಕಾಲವದು!

ಸೆಮ್ಮೆಲ್ವೈಸರು ಒಂದೊಂದಾಗಿ ಕಾರಣಗಳನ್ನು ಹುಡುಕಿದರು. ಸಾಯುವವರಿಗೆ ಕೊನೆಯ ಸಂಸ್ಕಾರ ನೀಡಲು ಬರುವ ಗುರುಗಳು ಮೊದಲನೆಯ ವಿಭಾಗದಲ್ಲಿ ಬಾಣಂತಿಯರ ಹಲವು ಕೋಣೆಗಳನ್ನು ಹಾದೇ ಹೋಗಬೇಕಾಗಿತ್ತು. ಅವರ ಮುಂದೆ ಪರಿಚಾರಕನೊಬ್ಬನು ಗಂಟೆ ಬಾರಿಸುತ್ತ ನಡೆಯುತ್ತಿದ್ದನು. ಆ ನಾದ ಕೇಳಿ ಹುಟ್ಟುವ ಭಯವೇ ಜ್ವರಕ್ಕೆ ಕಾರಣವೆಂದು ಕೆಲವರು ವಾದಿಸಿದ್ದರು. ಸೆಮ್ಮೆಲ್ವೈಸರು ಗುರುಗಳನ್ನು ಕೇಳಿಕೊಂಡರು. ಗುರುಗಳು ಗಂಟೆಯಿಲ್ಲದೆ ಬಳಸುದಾರಿಯಿಂದ ಬಂದರು. ಸಾವು ಕಡಿಮೆಯಾಗಲಿಲ್ಲ. ಹೆರುವಾಗ ಮಲಗಿಸುವ ರೀತಿಯನ್ನು ಬದಲಿಸಿದರೂ ಫಲವಿಲ್ಲ. ಸಂಸ್ಕಾರದ ಗಂಟೆಯನ್ನು ದೂರುವುದಷ್ಟಕ್ಕೇ ನಿಲ್ಲದೆ, ನಿಲ್ಲಿಸಿ ಪರೀಕ್ಷಿಸಿದರಲ್ಲ, ಅದು ನಮಗೆ ಬಹಳ ಮೆಚ್ಚುಗೆಯಾದ ಗುಣ.

1847ರ ಮಾರ್ಚಿಯಲ್ಲಿ ಅವರ ಮಿತ್ರ ಪ್ರಾಧ್ಯಾಪಕ ಕೊಲೆಚ್ಕಾ ತೀರಿಕೊಂಡರು. ಶವವನ್ನು ಕೊಯ್ಯುವಾಗ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಗುಲಿತ್ತು. ಅವರ ದೇಹದಲ್ಲಿ ಕಂಡ ವಿಕಾರಗಳು ಸತ್ತ ಬಾಣಂತಿಯರ ದೇಹದಲ್ಲಿ ಕಂಡವುಗಳಂತೆಯೇ ಇದ್ದವು. ಒಗಟು ಬಿಡಿಸಿತು. ವಿದ್ಯಾರ್ಥಿಗಳೂ ವೈದ್ಯರೂ ಶವಾಗಾರದಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು; ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಸಾಬೂನಿನಿಂದ ತೊಳೆದರೂ ಕೈಯಿಂದ ಹೆಣದ ವಾಸನೆ ಹೋಗುತ್ತಿರಲಿಲ್ಲ. ಆದುದರಿಂದ ಅದೇ ಮೇ ತಿಂಗಳ ನಡುವಿನಿಂದ, ನಮ್ಮೂರ ಬಾವಿಗಳಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಜಾತಿಯದೇ ಆದ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಯಾರೂ ಬಾಣಂತಿಯರನ್ನು ಮುಟ್ಟಕೂಡದೆಂದು ಕಟ್ಟಳೆ ಮಾಡಿದರು. ಏಪ್ರಿಲಿನಲ್ಲಿ ನೂರಕ್ಕೆ 18 ಇದ್ದ ಸಾವು ಜೂನಿನಲ್ಲಿ ಸುಮಾರು 2ಕ್ಕೆ ಇಳಿಯಿತು. 1848ರ ಎರಡು ತಿಂಗಳುಗಳಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ.

ನಡುವೆ ಇನ್ನೊಂದು ಪಾಠವಾಯಿತು. 1847ರ ಅಕ್ಟೋಬರಿನಲ್ಲಿ ಗರ್ಭಕೋಶದ ಕೊಳೆತ ಹುಣ್ಣಿದ್ದ ರೋಗಿಯನ್ನು ಮೊದಲು ಪರೀಕ್ಷಿಸಿ, ಅನಂತರ ಅದೇ ಸಾಲಿನ ಉಳಿದವರನ್ನು ಸಾಬೂನಿನ ಕೈಯಿಂದಲೇ ಪರೀಕ್ಷಿಸಿದಾಗ, 12 ಮಂದಿಯಲ್ಲಿ 11 ಮಂದಿ ಸತ್ತರು. ಹೆಣದಿಂದ ಮಾತ್ರವಲ್ಲ, ಜೀವಂತ ರೋಗಿಯಿಂದಲೂ ನಂಜು ಕೈಯೇರಿ ಸಾಗುವುದೆಂದು ತಿಳಿದು, ಒಬ್ಬೊಬ್ಬ ರೋಗಿಯ ನಡುವೆಯೂ ಕೈ ತೊಳೆಯುವ ನಿಯಮ ಬಂದಿತು.

ಹಿರಿಯ ವೈದ್ಯರು ಒಪ್ಪಲಿಲ್ಲ. ತಮ್ಮ ಕೈಗಳೇ ತಾಯಂದಿರನ್ನು ಕೊಂದವೆಂದು ಒಪ್ಪುವುದು ಯಾರಿಗೆ ಸುಲಭ? ರೋಗಾಣುಗಳ ವಿಚಾರ ಆಗಿನ್ನೂ ಸಿದ್ಧವಾಗಿರಲಿಲ್ಲ. ಸೆಮ್ಮೆಲ್ವೈಸರೂ ತಮ್ಮ ಶೋಧವನ್ನು ಬಹುಕಾಲ ತಾವಾಗಿ ಬರೆದು ಪ್ರಕಟಿಸಲಿಲ್ಲ. ಇದು ಅವರ ದೊಡ್ಡ ಕೊರತೆಯೆಂದೇ ನಾವು ಭಾವಿಸುತ್ತೇವೆ. 1849ರಲ್ಲಿ ಅವರ ಹುದ್ದೆ ಮುಂದುವರಿಯಲಿಲ್ಲ. ಮರುವರ್ಷ ವಿಯೆನ್ನಾ ತೊರೆದು ಪೆಸ್ಟ್ ನಗರಕ್ಕೆ ಮರಳಿದರು. ಅಲ್ಲಿನ ಸಂತ ರೋಖರ ಆಸ್ಪತ್ರೆಯಲ್ಲಿ ದುಡಿದು, ಬಾಣಂತಿ ಜ್ವರದ ಸಾವನ್ನು ನೂರಕ್ಕೆ ಒಂದಕ್ಕಿಂತ ಕಡಿಮೆಗೆ ತಂದರು. 1855ರಲ್ಲಿ ಪ್ರಾಧ್ಯಾಪಕರಾದ ಮೇಲೆ, ಒಗೆಯದ ಹಾಸುಬಟ್ಟೆಯೂ ಜ್ವರ ತರುವುದೆಂದು ಕಂಡುಕೊಂಡು ಆಡಳಿತದವರೊಡನೆ ಹೋರಾಡಿದರು.

1861ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಟೀಕೆಗಳಿಂದ ಕೆರಳಿ, ಎದುರಾಳಿಗಳನ್ನು ಕೊಲೆಗಡುಕರೆಂದು ಬಹಿರಂಗ ಪತ್ರಗಳಲ್ಲಿ ಜರೆದರು. ಮನಸ್ಸು ಕದಡಿತು. 1865ರ ಜುಲೈ ಕೊನೆಯಲ್ಲಿ ಅವರನ್ನು ವಿಯೆನ್ನಾದ ಹುಚ್ಚಾಸ್ಪತ್ರೆಗೆ ಸೇರಿಸಿದರು. ಅಲ್ಲಿನ ಕಾವಲುಗಾರರು ಅವರನ್ನು ಹೊಡೆದರೆಂದು ಹೇಳುತ್ತಾರೆ. ಎರಡು ವಾರಗಳಲ್ಲಿ, ಆಗಸ್ಟ್ 13ರಂದು, ಗಾಯದ ನಂಜು ರಕ್ತಕ್ಕೇರಿ ಅವರು ಮರಣಹೊಂದಿದರು. ಆಗ ಅವರಿಗೆ 47 ವರ್ಷ. ಅದೇ ತಿಂಗಳು ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರರು ಬಾಲಕನೊಬ್ಬನ ಮುರಿದ ಕಾಲಿನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟುತ್ತಿದ್ದರು. ಬುಡಾಪೆಸ್ಟಿನಲ್ಲಿ ಸೆಮ್ಮೆಲ್ವೈಸರು ಹುಟ್ಟಿದ ಮನೆ ಇಂದು ವೈದ್ಯಕೀಯ ಇತಿಹಾಸದ ವಸ್ತುಸಂಗ್ರಹಾಲಯವಾಗಿದೆ. ಅವರ ಅಸ್ಥಿಗಳೂ ಅಲ್ಲಿಯೇ ಇವೆ.