ಹಾಸಿಗೆ ಬಿಟ್ಟುಕೊಟ್ಟ ಸಂತರು

ಸಂತ ಜಾನ್ ಜುಗಾನರು 1792ರಲ್ಲಿ ಫ್ರಾನ್ಸಿನ ಕಡಲೂರು ಕಾಂಕಾಲಿನಲ್ಲಿ ಜನಿಸಿ, ಮನೆಗೆಲಸ ಮಾಡಿ ಬದುಕಿದವರು. 1839ರ ಚಳಿಗಾಲದಲ್ಲಿ ದೃಷ್ಟಿಹೀನಳೂ ಪಾರ್ಶ್ವವಾಯುಪೀಡಿತಳೂ ಆದ ವೃದ್ಧೆಯೊಬ್ಬಳನ್ನು ಮನೆಗೆ ಕರೆತಂದು ತಮ್ಮ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ಬುಟ್ಟಿ ಹಿಡಿದು ಭಿಕ್ಷೆ ಬೇಡಿ ಇನ್ನೂ ಅನೇಕ ವೃದ್ಧರನ್ನು ಸಲಹಿದರು. ಅವರು ಸ್ಥಾಪಿಸಿದ 'ಬಡವರ ಕಿರಿಯ ಸಹೋದರಿಯರ' ಸಭೆ ಬೆಂಗಳೂರಿನ ಹೊಸೂರು ರಸ್ತೆಯಲ್ಲೂ ವೃದ್ಧಾಶ್ರಮ ನಡೆಸುತ್ತಿದೆ.

ಆದರೆ ಅಧಿಕಾರ ಕಳೆದುಕೊಂಡ ಅವರನ್ನು 1852ರಲ್ಲಿ ಮಠಕ್ಕೆ ಮರಳಿ ಕರೆಸಲಾಯಿತು. ಅಲ್ಲಿ 27 ವರ್ಷ ಮರೆಯಲ್ಲಿ ಬಾಳಿದರು. ಕಣ್ಣು ಮಂಜಾಗುತ್ತಿದ್ದ ಈ ವೃದ್ಧೆಯೇ ಸಭೆಯ ಸ್ಥಾಪಕಿಯೆಂಬುದನ್ನು ಅನೇಕ ಕಿರಿಯ ಕನ್ಯಾಸ್ತ್ರೀಯರು ಅರಿತಿರಲಿಲ್ಲ. 1879ರಲ್ಲಿ ನಿಧನರಾದ ಅವರಿಗೆ 2009ರಲ್ಲಿ ಜಗದ್ಗುರು 16ನೇ ಬೆನೆಡಿಕ್ಟರು ಸಂತ ಪದವಿ ನೀಡಿದರು.

ಪ್ರಿಯರೇ, ಹೊತ್ತಿಗೆ ಸರಿಯಾಗಿ ಗಂಜಿ, ಔಷಧಿ ಕೊಡುವ ನಾವು, ಮನೆಯ ಮೂಲೆಯಲ್ಲಿ ಮಲಗಿರುವ ಹಿರಿಜೀವ ಯಾರೆಂಬುದನ್ನು ಬಲ್ಲೆವೇ?