ಎಡಗೈ ಹರಳು, ಬಲಗೈ ಹರಳು – ಲೂಯಿ ಪಾಶ್ಚರ್



ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ ಅವರ ಹೆಸರು ನಮಗೆಲ್ಲ ಗೊತ್ತು. ಆದರೆ ಅವರು ಮೊದಲು ಹೆಸರು ಮಾಡಿದ್ದು ಲಸಿಕೆಯಿಂದಲ್ಲ, ಹುಳಿಯಿಂದ!

ಪಾಶ್ಚರ್ ಅವರು 1822ನೇ ಇಸವಿ ಡಿಸೆಂಬರ್ 27ರಂದು ಫ್ರಾನ್ಸ್ ದೇಶದ ಡೋಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಚರ್ಮ ಹದ ಮಾಡುತ್ತಿದ್ದರು. ಲೂಯಿಗೆ ಚಿತ್ರ ಬರೆಯೋದಂದ್ರೆ ಬಹಳ ಇಷ್ಟ. 1838ರಲ್ಲಿ ಓದೋಕೆ ಪ್ಯಾರಿಸ್‌ಗೆ ಹೋದವರು ಮನೆ ನೆನಪು ತಡೀಲಾರದೆ ವಾಪಸು ಬಂದುಬಿಟ್ಟರು. 1842ರ ಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ ಸಾಧಾರಣ ಅಂತಲೇ ಬಂತು. ಆದರೂ ಛಲ ಬಿಡದೆ ಅದನ್ನೇ ಓದಿದರು.

ದ್ರಾಕ್ಷಾರಸದ ಪೀಪಾಯಿಯಲ್ಲಿ ಟಾರ್ಟಾರಿಕ್ ಆಮ್ಲ ಕಟ್ಟಿಕೊಳ್ಳುತ್ತದೆ. ನಮ್ಮ ಹುಣಸೆಹಣ್ಣಿನ ಹುಳಿಯೂ ಇದೇ. ಇದರ ದ್ರಾವಣ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ರೆಸೀಮಿಕ್ ಆಮ್ಲ ಅಂತ ಇನ್ನೊಂದಿತ್ತು. ಅದರಲ್ಲಿರೋದೂ ಅವೇ ಧಾತುಗಳು, ಅಷ್ಟೇ ಪ್ರಮಾಣ. ಆದರೆ ಅದು ಬೆಳಕನ್ನು ತಿರುಗಿಸುತ್ತಲೇ ಇರಲಿಲ್ಲ. ಯಾಕೆ?

1848ರಲ್ಲಿ, 25ನೇ ವಯಸ್ಸಿನಲ್ಲಿ, ಪಾಶ್ಚರ್ ಅದರ ಲವಣದ ಹರಳುಗಳನ್ನು ಸೂಕ್ಷ್ಮವಾಗಿ ನೋಡಿದರು. ಅವು ಎರಡು ಥರ ಇದ್ದವು. ಕನ್ನಡಿಯಲ್ಲಿ ಕಾಣೋ ಹಾಗೆ ಒಂದಕ್ಕೊಂದು ಉಲ್ಟಾ! ಒಂದೊಂದೇ ಹೆಕ್ಕಿ ಎರಡು ಗುಡ್ಡೆ ಮಾಡಿದರು. ಒಂದು ಗುಡ್ಡೆಯ ದ್ರಾವಣ ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಎಡಕ್ಕೆ. ಸಮವಾಗಿ ಬೆರೆತಾಗ ಎರಡೂ ಸೇರಿ ಸೊನ್ನೆ. 74 ವರ್ಷದ ವಿಜ್ಞಾನಿ ಬಯೋ ಇದನ್ನು ಸುಮ್ಮನೆ ನಂಬಲಿಲ್ಲ. ತಮ್ಮ ಕಣ್ಣೆದುರೇ ಮತ್ತೆ ಮಾಡಿಸಿ ನೋಡಿ ಬಹಳ ಸಂತೋಷಪಟ್ಟರು.

ಇಂಥ ಎಡ-ಬಲ ರೂಪದ ವಸ್ತುಗಳಿಗೆ ಕೈರಲ್ ಅನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಕೈ ಅನ್ನೋದಕ್ಕಿರುವ ಪದದಿಂದ ಈ ಹೆಸರು ಬಂತು. ನಮ್ಮ ಕೈಯೂ ಅದರಲ್ಲೇ ಇದ್ದಂಗಿದೆ, ತಮಾಷೆ ನೋಡಿ!

ಎಲ್ಲವನ್ನೂ ಕೈಯಿಂದ ಹೆಕ್ಕೋಕಾಗುತ್ತಾ? 1853ರಲ್ಲಿ ಪಾಶ್ಚರ್ ಹೊಸ ಉಪಾಯ ಕಂಡುಹಿಡಿದರು. ಸಿಂಕೋನಾ ಮರದ ತೊಗಟೆಯಲ್ಲಿ ಸಿಗುವ ಕ್ವಿನೈನ್ ಮಲೇರಿಯಾ ಔಷಧಿ. ಅದು ಒಂದೇ ಕೈಯ ಅಮೈನೋ ಆಲ್ಕೊಹಾಲ್. ಅದರಿಂದ ತಯಾರಿಸಿದ ಪ್ರತ್ಯಾಮ್ಲವನ್ನು ರೆಸೀಮಿಕ್ ಆಮ್ಲಕ್ಕೆ ಸೇರಿಸಿದರು. ಬಲಗಾಲಿನ ಚಪ್ಪಲಿ ಎರಡು ಕಾಲಿಗೂ ಒಂದೇ ಥರ ಕೂರಲ್ಲ ಅಲ್ವಾ? ಹಾಗೇ ಎಡದ ಲವಣ, ಬಲದ ಲವಣ ಬೇರೆ ಬೇರೆ ಥರ ಆದವು. ಒಂದು ಮೊದಲು ಹರಳಾಯಿತು, ಇನ್ನೊಂದು ನೀರಲ್ಲೇ ಉಳಿಯಿತು. ಪ್ರಯೋಗಾಲಯಗಳಲ್ಲಿ ಇಂದಿಗೂ ಕೈರಲ್ ಅಮೈನೋ ಆಲ್ಕೊಹಾಲ್‌ಗಳಿಂದ ಹೀಗೆ ಬೇರೆ ಮಾಡುತ್ತಾರೆ.

ಇದರಿಂದ ನಮಗೇನು ಅಂತೀರಾ? ಕ್ಷಯರೋಗಕ್ಕೆ ಎಥಾಂಬುಟಾಲ್ ಮಾತ್ರೆ ಕೊಡುತ್ತಾರೆ. ಅದನ್ನು ಮಾಡೋದು ಒಂದು ಕೈಯ ಅಮೈನೋ ಆಲ್ಕೊಹಾಲ್‌ನಿಂದ. ಇನ್ನೊಂದು ಕೈಯದರಿಂದ ಮಾಡಿದರೆ ರೋಗಾಣು ಅಷ್ಟಾಗಿ ಸಾಯೋದಿಲ್ಲ. ಕೈ ತಪ್ಪಿದರೆ ಔಷಧಿಯೂ ಉಪಯೋಗಕ್ಕೆ ಬರಲ್ಲ.

ಪಾಶ್ಚರ್ ಅವರ ಮೂವರು ಹೆಣ್ಣುಮಕ್ಕಳು ಚಿಕ್ಕ ವಯಸ್ಸಿನಲ್ಲೇ ತೀರಿಹೋದರು. 1868ರಲ್ಲಿ ಲಕ್ವ ಹೊಡೆದು ಅವರ ಎಡಭಾಗವೇ ಸ್ವಾಧೀನ ತಪ್ಪಿತು. ಆದರೂ ಕೆಲಸ ನಿಲ್ಲಿಸಲಿಲ್ಲ. ಹುಚ್ಚುನಾಯಿ ಕಡಿತದ ಲಸಿಕೆಯನ್ನು 1885ರಲ್ಲಿ ಕೊಟ್ಟದ್ದು ಇದಾದ ಮೇಲೆಯೇ. 1895ನೇ ಇಸವಿ ಸೆಪ್ಟೆಂಬರ್ 28ರಂದು ತೀರಿಕೊಂಡರು.

ಗೆಳೆಯರೇ, ಸಾಧಾರಣ ಅಂತ ಬಂದವರೇ ಬೇರೆ ಯಾರೂ ಕಾಣದ್ದನ್ನು ಕಂಡರು. ನಾವೂ ಅಂಕ ಕಡಿಮೆ ಬಂತು ಅಂತ ಅಳದೆ, ಕಣ್ಣು ಬಿಟ್ಟು ನೋಡೋದನ್ನು ಕಲಿಯೋಣ.

– 7ನೇ ತರಗತಿ