ಕೀಲಾರದ ಶಂಕರಗೌಡರು ಮತ್ತು ನಮ್ಮ ಆಪಾಳ ಬಿ.ಎ.

ನಮ್ಮ ಮನೆಯಲ್ಲಿ ಈ ತಿಂಗಳು ಒಂದೇ ಮಾತು. ಆಪಾ ಬಿ.ಎ. ಸೇರಿ ಇತಿಹಾಸ ಓದುತ್ತೇನೆ ಎನ್ನುತ್ತಾಳೆ. ಅದಕ್ಕೆ ದುಡ್ಡು ಹಾಕಿದರೆ ಏನು ಬರುತ್ತದೆ, ಬಿ.ಕಾಂ. ಮಾಡು ಎನ್ನುತ್ತಾರೆ ಅಬ್ಬಾ. ನಾನು ಕಾಮರ್ಸ್ ಹುಡುಗ, ಲೆಕ್ಕ ನೋಡುವ ಚಟ. ಹಾಗಾಗಿ ಓದಿನ ಖರ್ಚಿನ ವಿಷಯದಲ್ಲಿ ನಮ್ಮ ಜಿಲ್ಲೆಯ ಹಿಂದಿನ ನಾಯಕರು ಯಾವ ಕಡೆ ಮತ ಹಾಕಿದ್ದರು ಎಂದು ಹುಡುಕಲು ಹೊರಟೆ. ಮೊದಲು ನೆನಪಾದ ಹೆಸರು ಕೆ.ವಿ. ಶಂಕರಗೌಡರದು.

ಅವರು 1915ರಲ್ಲಿ ಮಂಡ್ಯ ತಾಲ್ಲೂಕಿನ ಕೀಲಾರದಲ್ಲಿ ಹುಟ್ಟಿದರು. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ ವೀರೇಂದ್ರ ಪಾಟೀಲರ ಮಂತ್ರಿಮಂಡಲದಲ್ಲಿ ಶಿಕ್ಷಣ ಸಚಿವರಾದರು. ಅಧಿಕಾರ ಹೋದರೂ ಜನ ಅವರನ್ನು ನಿತ್ಯಸಚಿವ ಎಂದೇ ಕರೆದರು. 1984ರ ಚುನಾವಣೆಯಲ್ಲಿ ಕಾಂಗ್ರೆಸ್ ಅಲೆ ಜೋರಾಗಿತ್ತು. ಕರ್ನಾಟಕದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು 4. ಅದರಲ್ಲಿ ಮಂಡ್ಯವೂ ಒಂದು, ಗೆದ್ದವರು ಇವರು.

ಆದರೆ ಮತದ ಲೆಕ್ಕ ಸುಲಭವಲ್ಲ. ನಮ್ಮ ಸದನಗಳಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ಹೌದು ಎಂದವರ ಕೂಗು ಜಾಸ್ತಿ ಕೇಳಿದರೆ ಮುಗಿಯಿತು, ಯಾರ ಹೆಸರೂ ಬರೆದಿಡುವುದಿಲ್ಲ. ಗೋಖಲೆಯವರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ 1912ರಲ್ಲಿ 13ಕ್ಕೆ 38 ಮತಗಳಿಂದ ಬಿತ್ತು ಎಂದು ನಮಗೆ ಗೊತ್ತಿರುವುದು ಅಂದು ಮತ ಎಣಿಸಿದ್ದರಿಂದ. ಕರ್ನಾಟಕದಲ್ಲಿ ಡೊನೇಷನ್ ನಿಷೇಧಿಸುವ ಕಾಯ್ದೆ ಬಂದದ್ದು 1984ರಲ್ಲಿ. ತಪ್ಪಿದವರಿಗೆ ಮೂರರಿಂದ ಏಳು ವರ್ಷ ಜೈಲು. ಆ ಗಲಾಟೆಯೆಲ್ಲ ಮೆಡಿಕಲ್, ಇಂಜಿನಿಯರಿಂಗ್ ಸೀಟಿನದು. ಬಿ.ಎ. ಸೀಟಿಗೆ ಯಾರು ಡೊನೇಷನ್ ಕೇಳುತ್ತಾರೆ?

ಆದ್ದರಿಂದ ನಾನು ಅವರು ಕಟ್ಟಿದ್ದನ್ನು ನೋಡಿದೆ. ಅವರ ಜನತಾ ಶಿಕ್ಷಣ ಟ್ರಸ್ಟ್ ಮಂಡ್ಯದಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ತೆರೆದದ್ದು 1962ರಲ್ಲಿ. ಅಲ್ಲಿಯವರೆಗೆ ಇಲ್ಲಿನ ರೈತನ ಮಗ ಇಂಜಿನಿಯರ್ ಆಗಬೇಕಾದರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಿತ್ತು. ಫೀಸಿಗಿಂತ ರೂಮು, ಊಟದ ಖರ್ಚೇ ಹೆಚ್ಚು. ಕಾಲೇಜು ಹತ್ತಿರ ಬಂದರೆ ಅದು ಇಳಿಯುತ್ತದೆ, ಇದು ಮಾತ್ರ ನನಗೆ ಸರಿಯಾಗಿ ಅರ್ಥವಾದ ಲೆಕ್ಕ. ಇಂಜಿನಿಯರಿಂಗ್ ಒಂದರಿಂದಲೇ ಟ್ರಸ್ಟಿಗೆ ಹೆಸರು ಬರುತ್ತಿತ್ತು. ಆದರೂ ಕಲಾ, ವಿಜ್ಞಾನ, ವಾಣಿಜ್ಯ ಕಾಲೇಜೂ ಅದೇ ಟ್ರಸ್ಟಿನಲ್ಲಿದೆ. ಗೌಡರಿಗೆ ನಾಟಕದ ಹುಚ್ಚು ಬೇರೆ ಇತ್ತು. 1991ರಲ್ಲಿ ಅವರು ತೀರಿಕೊಂಡರು. ಅವರ ಹೆಸರಿನಲ್ಲಿ ಮಂಡ್ಯದಲ್ಲಿ ರಂಗಭೂಮಿಗೂ ಪ್ರಶಸ್ತಿ ಕೊಡುತ್ತಾರೆ.

ಅಬ್ಬಾ ಅಂಗಡಿ ಮುಚ್ಚಿ ಬಂದ ಮೇಲೆ ಇದನ್ನೆಲ್ಲ ಉರ್ದುವಿನಲ್ಲಿ ಹೇಳಿದೆ. ಪೂರ್ತಿ ಕೇಳಿ, ಮಳವಳ್ಳಿಯಿಂದ ಮಂಡ್ಯಕ್ಕೆ ದಿನಾ ಬಸ್ಸಿಗೆ ಎಷ್ಟಾಗುತ್ತದೆ ಎಂದರು. ಹೆಂಗಸರಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಫ್ರೀ ಎಂದು ಆಪಾ ಅಡುಗೆಮನೆಯಿಂದಲೇ ಹೇಳಿದಳು. ಅಬ್ಬಾ ಕನ್ನಡಕ ಹಾಕಿಕೊಂಡು ಅರ್ಜಿ ತಾ ಎಂದರು. ಸಹಿ ಇನ್ನೂ ಆಗಿಲ್ಲ.